ಊರ ಸರ್ಕಲ್‌ನಲ್ಲಿ ಧ್ವಜಸ್ತಂಭ: ರಾತ್ರಿಯೂ ಬಿಡಬಹುದಾ? ಕನ್ನಡ ಬಾವುಟ ಎಲ್ಲಿ?

ಮದ್ದೂರ್‌ಹೈದ:
ನಮ್ಮೂರ ಸರ್ಕಲ್‌ನಲ್ಲಿ 20 ಅಡಿ ಕಂಬ ನಿಲ್ಲಿಸಿದ್ದೀವಿ. ಆಗಸ್ಟ್ 15ಕ್ಕೆ ಬಾವುಟ ಏರಿಸಿ ಹಾಗೇ ಬಿಡಬೇಕು ಅಂತ ಹುಡುಗರ ಆಸೆ. ಸಂಜೆ ಇಳಿಸಲೇಬೇಕಾ? ಯಾವ ಅಳತೆ ತರೋದು? ಅದೇ ಕಂಬಕ್ಕೆ ಕೆಳಗೆ ಕನ್ನಡ ಬಾವುಟ ಕಟ್ಟಬಹುದಾ? ಹೋದ ವರ್ಷದ್ದು ಬಣ್ಣ ಮಾಸಿದೆ, ಅದನ್ನೇನು ಮಾಡೋದು? ಗೊತ್ತಿರೋರು ಒಸಿ ಬಿಡಿಸಿ ಹೇಳಿ.

ಧ್ವಜಸಂಹಿತೆ:
ಧ್ವಜ ಸಂಹಿತೆಗೆ (ರಾಷ್ಟ್ರಧ್ವಜ ಹಾರಿಸೋ ನಿಯಮಗಳು) 2022ರ ಜುಲೈನಲ್ಲಿ ಆದ ತಿದ್ದುಪಡಿಯಿಂದ ಬಯಲಲ್ಲಿ, ಮನೆ ಮೇಲೆ ಹಗಲು ರಾತ್ರಿ ಹಾರಿಸಬಹುದು, ಇಳಿಸಲೇಬೇಕು ಅಂತಿಲ್ಲ. ಆದರೆ ಹರಿದದ್ದು, ಮಾಸಿದ್ದು ಹಾರಬಾರದು ಅನ್ನೋ ನಿಯಮ ಹಾಗೇ ಇದೆ. ರಾತ್ರಿಯೆಲ್ಲ ಗಾಳಿಗೆ ಬಡಿದರೆ ಕಂಬದಿಂದ ದೂರ ಇರೋ ಅಂಚು ಮೊದಲು ಪಿಸಿಯುತ್ತೆ. ದಿನಾ ಕತ್ತೆತ್ತಿ ನೋಡೋಕೆ ಒಬ್ಬರನ್ನ ಗೊತ್ತುಮಾಡಿ. ಅಂಥವರು ಸಿಗದಿದ್ದರೆ ಸಂಜೆ ಇಳಿಸೋದೇ ಸರಿ.

ಉದ್ದ ಅಗಲ 3:2 ಇರಲೇಬೇಕು. 20 ಅಡಿ ಕಂಬಕ್ಕೆ 1350×900 ಮಿ.ಮೀ. ಒಪ್ಪುತ್ತೆ. 2021ರ ಡಿಸೆಂಬರ್‌ನಿಂದ ಪಾಲಿಯೆಸ್ಟರ್‌ಗೂ ಅವಕಾಶ ಇದೆ, ಮಳೆಯಲ್ಲಿ ಅದು ಬೇಗ ಒಣಗುತ್ತೆ.

ಒಂದೇ ಕಂಬಕ್ಕೆ ಎರಡು ಬಾವುಟ ಬೇಡ. ರಾಷ್ಟ್ರಧ್ವಜಕ್ಕಿಂತ ಮೇಲೂ ಬೇಡ, ಸಮಸಮಕ್ಕೆ ಪಕ್ಕದಲ್ಲೂ ಬೇಡ. ಕನ್ನಡ ಬಾವುಟಕ್ಕೆ ದೂರದಲ್ಲಿ ಬೇರೆ, ಗಿಡ್ಡ ಕಂಬ ಹಾಕಿಸಿ. ರಾಷ್ಟ್ರಧ್ವಜದ ಬಟ್ಟೆ ಮೇಲೆ ಸಂಘದ ಹೆಸರಂತೂ ಬರೆಸಲೇಬೇಡಿ. ರಾಷ್ಟ್ರ ಗೌರವಕ್ಕೆ ಅವಮಾನ ತಡೆಯೋ 1971ರ ಕಾಯ್ದೆಯಲ್ಲಿ ಅದು ಅಪರಾಧ, 3 ವರ್ಷದವರೆಗೆ ಜೈಲು.

ಹಳೇದನ್ನ ಒರೆಸೋ ಬಟ್ಟೆ ಮಾಡಬೇಡಿ, ಕಸಕ್ಕೂ ಹಾಕಬೇಡಿ. ಯಾರೂ ಇಲ್ಲದ ಕಡೆ ಇಡಿಯಾಗಿ, ಗೌರವದಿಂದ ಸುಡಿ. 1938ರಲ್ಲಿ ನಿಮ್ಮ ಪಕ್ಕದ ಶಿವಪುರದಲ್ಲಿ ತ್ರಿವರ್ಣ ಧ್ವಜ ಹಾರಿಸೋಕೆ ಜನ ಸತ್ಯಾಗ್ರಹ ಮಾಡಿದ್ದಾರೆ, ಮದ್ದೂರಿನವರಿಗೆ ನಾನು ಹೆಚ್ಚು ಹೇಳಬೇಕಿಲ್ಲ.

ಮದ್ದೂರ್‌ಹೈದ:
ಬೋ ಉಪಕಾರ ಸರ್. ಇನ್ನೊಂದು: ಹೂ ಇಟ್ಟು ಕಟ್ಟಿದ್ದು ಹಗ್ಗ ಎಳೆದಾಗ ಬಿಚ್ಚದೆ ಮೇಲೇ ಸಿಕ್ಕಿಕೊಳ್ಳುತ್ತೆ. ಯಾಕೆ?

ಹಗ್ಗರಾಟೆ:
ಮೂರು ಕಾರಣ. ಗಂಟು ಬಿಗಿಯಾಗಿರುತ್ತೆ, ಹಗ್ಗ ನೆನೆದು ಉಬ್ಬಿರುತ್ತೆ, ಇಲ್ಲಾ ಹೂ ಜಾಸ್ತಿಯಾಗಿರುತ್ತೆ. ಒದ್ದೆ ಚೆಂಡುಹೂವಿನ ಎಸಳು ಬಟ್ಟೆಗೆ ಅಂಟಿಕೊಳ್ಳುತ್ತೆ. ಒಣಗಿದ ಎಸಳು ಒಂದು ಹಿಡಿ ಸಾಕು. ನೂಲಿನ ಹಗ್ಗ ಬಿಟ್ಟು ನೈಲಾನ್ ತನ್ನಿ, ರಾಟೆಗೆ ಎಣ್ಣೆ ಬಿಡಿ. ಗಂಟು ಹಾಕುವಾಗ ಹಗ್ಗದ ತುದಿ ಪೂರ್ತಿ ತೂರಿಸಬೇಡಿ, ಮಡಿಕೆ ಮಾಡಿ ಅರ್ಧ ಮಾತ್ರ ತೂರಿಸಿ, ಆಗ ಒಂದೇ ಎಳೆತಕ್ಕೆ ಬಿಚ್ಚುತ್ತೆ. ಹಿಂದಿನ ಸಂಜೆ ಅದೇ ಅಳತೆಯ ಟವೆಲ್ ಕಟ್ಟಿ ಎರಡು ಸಲ ಎಳೆದು ನೋಡಿ.

ತಲೆಕೆಳಗಾಗೋದೂ ಇಲ್ಲೇ. ಮಡಚೋಕೆ ಮೊದಲೇ ಮೇಲಿನ ಹಗ್ಗ ಕೇಸರಿ ಕಡೆಗೆ ಕಟ್ಟಿದೆಯಾ ಅಂತ ಇಬ್ಬರು ನೋಡಲಿ. ಏರಿಸುವಾಗ ಚುರುಕಾಗಿ, ಇಳಿಸುವಾಗ ನಿಧಾನವಾಗಿ. ಕೆಳಗೆ ಕೈಯೊಡ್ಡಿ ನಿಂತಿರಿ, ನೆಲ ತಾಗಬಾರದು.

ಧ್ವಜಸಂಹಿತೆ:
ಶೋಕಾಚರಣೆಗೆ ಸರ್ಕಾರದ ಆದೇಶ ಬಂದರೆ ನೇರವಾಗಿ ಅರ್ಧಕ್ಕೆ ಕಟ್ಟಬೇಡಿ. ಮೊದಲು ತುದಿ ಮುಟ್ಟಿಸಿ ಆಮೇಲೆ ಅರ್ಧಕ್ಕೆ ತನ್ನಿ. ಇಳಿಸುವಾಗಲೂ ಒಮ್ಮೆ ತುದಿಗೆ ಏರಿಸಿಯೇ ಇಳಿಸಬೇಕು.