ಪದಚರ್ಚೆ: ‘ಬೇರೆ ವೈಫೈ’ ಅಂದ್ರೆ ಯಾವ್ದು ಬೇರೆ? ಸಬ್‌ನೆಟ್, ವಿಲ್ಯಾನ್‌ಗೆ ನೀವೇನಂತೀರಿ?

ಎಲ್ರಿಗೂ ನಮಸ್ಕಾರ,

ಒಂದೇ ಫೈಬರ್ ಕನೆಕ್ಷನ್ ತಗೊಂಡು ಅದ್ರಲ್ಲೇ ಓನರ್ ಮನೆಗೊಂದು, ಬಾಡಿಗೆಯವ್ರಿಗೊಂದು, ಸಿಸಿಟಿವಿ ಕ್ಯಾಮೆರಾಗಳಿಗೊಂದು ಅಂತ ಬೇರೆಬೇರೆ ನೆಟ್‌ವರ್ಕ್ ಮಾಡ್ಕೊಳ್ಳೋದು ಹೇಗೆ ಅಂತ ಕನ್ನಡದಲ್ಲಿ ಒಂದು ಪುಟ್ಟ ಕೈಪಿಡಿ ಬರೀತಿದೀನಿ. ಓದೋರು ಇಂಜಿನಿಯರುಗಳಲ್ಲ, ಕೆಳಗಡೆ ತಾವಿದ್ದು ಮೇಲೆ ಎರಡು ಮನೆ ಕಟ್ಟಿಸಿ ಬಾಡಿಗೆಗೆ ಬಿಟ್ಟಿರೋರು, ಮುಂದಿನ ರೂಮಲ್ಲೇ ಕ್ಲಿನಿಕ್ಕೋ ಟ್ಯೂಷನ್ನೋ ನಡೆಸೋರು, ಅಂಥೋರು. ವಿಷಯಕ್ಕೇನೂ ತೊಂದ್ರೆ ಇಲ್ಲ, ತೊಡಕಾಗಿರೋದು ಪದಗಳದ್ದೇ, ಅದ್ರಲ್ಲೂ ‘ಬೇರೆ’ ಅನ್ನೋ ಪದದ್ದು.

ನೆಟ್ ಹಾಕೋಕೆ ಬರೋ ಹುಡುಗನ ಹತ್ರ “ಮೇಲಿನ ಮನೆಗೆ ಬೇರೆ ವೈಫೈ ಮಾಡ್ಕೊಡಪ್ಪ” ಅಂದ್ರೆ ಅವ್ನು ಮೂರರಲ್ಲಿ ಯಾವ್ದು ಬೇಕಾದ್ರೂ ಮಾಡ್ಬೋದು. ಇರೋ ಡಬ್ಬದಲ್ಲೇ (ಫೈಬರ್ ಬಂದು ಸೇರೋ ರೂಟರಲ್ಲೇ) ಇನ್ನೊಂದು ವೈಫೈ ಹೆಸರು, ಇನ್ನೊಂದು ಪಾಸ್‌ವರ್ಡ್ ಇಟ್ಟು ಹೋಗ್ಬೋದು. ಮೇಲಿನ ಮನೇಲಿ ಇನ್ನೊಂದು ರೂಟರ್ ಇಟ್ಟು ಕೇಬಲ್ ಎಳೆದು ಹೋಗ್ಬೋದು. ಇಲ್ಲಾಂದ್ರೆ ನಿಜವಾಗ್ಲೂ ಬೇರೆ ನೆಟ್‌ವರ್ಕ್ ಮಾಡ್ಬೋದು, ಅಂದ್ರೆ ಮೇಲಿನವ್ರ ಲ್ಯಾಪ್‌ಟಾಪಿಂದ ಕೆಳಗಿನವ್ರ ಪ್ರಿಂಟರ್ರೂ ಕಾಣಬಾರ್ದು ಕ್ಯಾಮೆರಾದ ರೆಕಾರ್ಡರ್ರೂ ಕಾಣಬಾರ್ದು ಆ ಥರ. ಮೂರಕ್ಕೂ ನಾವನ್ನೋದು ‘ಬೇರೆ ವೈಫೈ’. ಇದು ಸಾಲ್ದು ಅಂತ ‘ವೈಫೈ ಹಾಕ್ಸಿದ್ವಿ’ ಅಂದ್ರೆ ಹೊಸದಾಗಿ ಬ್ರಾಡ್‌ಬ್ಯಾಂಡ್ ತಗೊಂಡ್ವಿ ಅಂತ ಅರ್ಥ, ‘ನೆಟ್‌ವರ್ಕ್ ಇಲ್ಲ’ ಅಂದ್ರೆ ಮೊಬೈಲಿಗೆ ಸಿಗ್ನಲ್ ಇಲ್ಲ ಅಂತ, ‘ನೆಟ್ ಇಲ್ಲ’ ಅಂದ್ರೆ ಇಂಟರ್ನೆಟ್ ಬರ್ತಿಲ್ಲ ಅಂತ. ಇಷ್ಟೂ ಪದ ಬೇರೆ ಕೆಲಸಕ್ಕೆ ಹೋಗ್ಬಿಟ್ಟಿರೋದ್ರಿಂದ ಅಸಲಿ ನೆಟ್‌ವರ್ಕ್ ಅನ್ನೋದಕ್ಕೆ ಆಡುಮಾತಲ್ಲಿ ಪದವೇ ಉಳಿದಿಲ್ಲ ಅನ್ನಿಸ್ತಿದೆ.

ಇದ್ರಿಂದ ಬರೀ ಭಾಷೆಗಲ್ಲ ಮನೆಗೂ ಪೆಟ್ಟು. ಹೆಸರು ಬೇರೆ ಇದ್ದ ಮಾತ್ರಕ್ಕೆ ಜಾಲ (ನೆಟ್‌ವರ್ಕಿಗೆ ನಾನಿಟ್ಕೊಂಡಿರೋ ಪದ) ಬೇರೆ ಆಗಲ್ಲ. ಎರಡನೇ ಹೆಸರು ಕೊಟ್ಟ ಎಷ್ಟೋ ಡಬ್ಬಗಳಲ್ಲಿ ಎರಡೂ ಹೆಸರಿನವರು ಒಳಗೆ ಒಂದೇ ಕಡೆ ಬಂದು ಸೇರ್ತಾರೆ. ಪರೀಕ್ಷೆ ಸುಲಭ, ಎರಡೂ ವೈಫೈಗೆ ಒಂದೊಂದು ಫೋನ್ ಸೇರಿಸಿ ಐಪಿ ವಿಳಾಸ ನೋಡಿ, ಎರಡಕ್ಕೂ 192.168.1 ಅಂತಲೇ ಶುರುವಾಗಿ ಕೊನೇ ಸಂಖ್ಯೆ ಮಾತ್ರ ಬದಲಾಗಿದ್ರೆ ಸಾಮಾನ್ಯವಾಗಿ ಅದು ಒಂದೇ ಜಾಲ (ವಿಳಾಸದ ಎಷ್ಟು ಭಾಗ ಜಾಲದ್ದು ಅಂತ ಹೇಳೋ ಮಾಸ್ಕ್ ಅನ್ನೋ ಸಂಖ್ಯೆ ಮನೆ ರೂಟರುಗಳಲ್ಲಿ 255.255.255.0 ಇರೋದೇ ಹೆಚ್ಚು, ಅದಕ್ಕೆ ಈ ಲೆಕ್ಕ ನಡಿಯತ್ತೆ). ‘ಗೆಸ್ಟ್’ ಅಂತ ಇರೋ ಆಯ್ಕೆಯಲ್ಲಿ ಒಳಗಿನ ಜಾಲಕ್ಕೆ ಹೋಗೋ ದಾರಿ ಮುಚ್ಚಿರ್ತಾರೆ ಅನ್ನೋದು ನಿಜ, ಆದ್ರೆ ಎಲ್ಲ ಡಬ್ಬದಲ್ಲೂ ಅಲ್ಲ, ಅಲ್ಲೂ ಒಮ್ಮೆ ಪರೀಕ್ಷೆ ಮಾಡ್ಕೊಳ್ಳೋದೇ ವಾಸಿ. ಅಂದಹಾಗೆ ಗೆಸ್ಟ್ ಅನ್ನೋದನ್ನ ‘ಅತಿಥಿ ಜಾಲ’ ಅಂತ ಅನುವಾದ ಮಾಡಿರೋದು ನೋಡಿದೀನಿ. ತಿಂಗಳಾ ಬಾಡಿಗೆ ಕೊಡೋರನ್ನ ಅತಿಥಿ ಅಂದ್ರೆ ಅವ್ರೇ ನಗ್ತಾರೆ!

ಈಗ ಎರಡನೇ ರೂಟರ್ ವಿಷಯ, ಇಲ್ಲಿ ಸ್ವಲ್ಪ ನಿಲ್ತೀನಿ, ಯಾಕಂದ್ರೆ ಇಲ್ಲೇ ಎಲ್ರೂ ತಿರುವುಮುರುವು ಮಾಡೋದು. ಹೊಸ ರೂಟರಿನ ವ್ಯಾನ್ ಅನ್ನೋ ತೂತಿಗೆ (ಹೊರಗಿಂದ ನೆಟ್ ಬರೋ ಕಡೆಯದು) ಹಳೇ ಡಬ್ಬದ ಕೇಬಲ್ ಚುಚ್ಚಿದ್ರೆ ಹೊಸ ಜಾಲ ಹುಟ್ಟತ್ತೆ, ಲ್ಯಾನ್ ತೂತಿಗೆ (ಮನೆಯೊಳಗಿನ ಸಾಧನಗಳ ಕಡೆಯದು) ಚುಚ್ಚಿದ್ರೆ ಹಳೇ ಜಾಲವೇ ಉದ್ದ ಆಗತ್ತೆ, ಜೊತೆಗೆ ಎರಡೂ ಡಬ್ಬ ಐಪಿ ವಿಳಾಸ ಹಂಚೋಕೆ ನಿಂತು ಗೊಂದಲ ಶುರುವಾಗತ್ತೆ. ಸರಿ, ವ್ಯಾನಿಗೇ ಹಾಕಿದ್ವಿ, ಎರಡು ಕಡೆನೂ 192.168.1 ಇದ್ರೆ ಜಗಳ ಆಗತ್ತೆ ಅಂತ ಹೊಸ ರೂಟರಿನ ಜಾಲವನ್ನ 192.168.50 ಮಾಡಿದ್ವಿ ಅಂತಿಟ್ಕೊಳ್ಳಿ. ಈಗ ಹೊಸ ರೂಟರಿನ ಹಿಂದೆ ಇರೋರು ಒಳಗಿನವರು, ಮೊದಲ ಡಬ್ಬಕ್ಕೆ ಸೇರಿದೋರು ಹೊರಗಿನವರು. ಹೊರಗಿನವರು ಒಳಗಿನವರನ್ನ ತಾವಾಗಿ ಮುಟ್ಟೋಕಾಗಲ್ಲ, ಆದ್ರೆ ಒಳಗಿನವರು ಹೊರಗಿನವರನ್ನ ಆರಾಮಾಗಿ ಮುಟ್ಬೋದು! ಬಾಡಿಗೆಯವ್ರಿಗೆ ಹೊಸ ರೂಟರ್ ಕೊಟ್ಟು ತಾವು ಮೊದಲ ಡಬ್ಬದಲ್ಲೇ ಉಳಿದ ಓನರಿನ ಕ್ಯಾಮೆರಾ ಬಾಡಿಗೆಯವ್ರಿಗೆ ಕಾಣತ್ತೆ, ಓನರಿಗೆ ಬಾಡಿಗೆಯವ್ರದ್ದು ಕಾಣಲ್ಲ. ಹಾಗಾಗಿ ಮೊದಲ ಡಬ್ಬಕ್ಕೆ ಎರಡು ರೂಟರ್ ಕಟ್ಟಿ, ಒಂದರ ಹಿಂದೆ ತಾವು ಒಂದರ ಹಿಂದೆ ಅವರು, ಮೊದಲ ಡಬ್ಬದ ವೈಫೈ ಪೂರ್ತಿ ಆಫ್, ಇದು ನಾನು ಕೈಪಿಡಿಯಲ್ಲಿ ಹೇಳ್ತಿರೋ ವಿಧಾನ. ದುಬಾರಿ ಏನಲ್ಲ, ಹಳೇ ರೂಟರ್ ಅಟ್ಟದ ಮೇಲೆ ಎಲ್ರ ಮನೇಲೂ ಬಿದ್ದಿರತ್ತೆ. ಇದ್ರ ಇನ್ನೊಂದು ಪರಿಣಾಮ, ಮೇಲಿನ ಮನೆಯ ಫೋನಿಂದ ಕೆಳಗಿನ ಮನೆಯ ಟಿವಿಗೆ ವಿಡಿಯೋ ಕಳಿಸೋಕಾಗಲ್ಲ, ಯಾಕಂದ್ರೆ ಟಿವಿ ‘ನಾನಿಲ್ಲಿದೀನಿ’ ಅಂತ ಕೂಗೋದು ಆ ಜಾಲದೊಳಗೆ ಮಾತ್ರ ಕೇಳತ್ತೆ. ಕೆಲವ್ರು ಇದನ್ನ ದೋಷ ಅಂದ್ಕೊಂಡು ರಿಪೇರಿ ಮಾಡಿಸೋಕೆ ಹೊರಡ್ತಾರೆ, ದೋಷ ಅಲ್ಲ, ನಾವು ಕೇಳಿದ್ದೇ ಅದು.

ಈಗ ಪದಗಳಿಗೆ ಬರ್ತೀನಿ. ನೆಟ್‌ವರ್ಕಿಗೆ ‘ಜಾಲ’ ಅಂತ ಬರೆದಾಗಿದೆ, ಜಾಲತಾಣ, ಸಾಮಾಜಿಕ ಜಾಲತಾಣ ಎಲ್ಲ ಬಳಕೇಲಿರೋದ್ರಿಂದ ಅರ್ಥ ಆಗತ್ತೆ ಅಂತ. ಆದ್ರೆ ಕರಡು ಓದಿದ ಒಬ್ಬ ಗೆಳೆಯರು “ಒಂದೇ ಮನೆಯಲ್ಲಿ ಮೂರು ಪ್ರತ್ಯೇಕ ಜಾಲ” ಅನ್ನೋ ತಲೆಬರಹ ನೋಡಿ ಬಿದ್ದುಬಿದ್ದು ನಕ್ಕರು, ಪೊಲೀಸರು ಭೇದಿಸಿದ ಸುದ್ದಿ ಥರ ಇದೆಯಂತೆ. ನಿಜ ಕಣ್ರೀ, ಪೇಪರ್ ಓದೋರಿಗೆ ಜಾಲ ಅಂದ್ರೆ ಮಾದಕವಸ್ತು ಜಾಲ, ನಕಲಿ ನೋಟಿನ ಜಾಲ. ‘ಜಾಲಬಂಧ’ ಅಂತಲೂ ಇದೆ, ಅದು ಪುಸ್ತಕದಲ್ಲಿ ಚೆನ್ನಾಗಿದೆ, ಬಾಯಲ್ಲಿ ಯಾರೂ ಅನ್ನಲ್ಲ.

ಇದಕ್ಕಿಂತ ತಮಾಷೆ ‘ಅಂತರ್ಜಾಲ’ದ್ದು. ಅಂತರ್ ಅಂದ ತಕ್ಷಣ ನಮಗೆ ತೋಚೋದು ಒಳಗೆ ಅನ್ನೋ ಅರ್ಥ, ಅಂತರ್ಜಲ, ಅಂತರ್ಮುಖಿ, ಅಂತರಂಗ ಎಲ್ಲ ಹಾಗೇ ತಾನೆ. ಸಂಸ್ಕೃತದಲ್ಲಿ ಅಂತರ್‌ಗೆ ‘ನಡುವೆ’ ಅನ್ನೋ ಅರ್ಥವೂ ಇದೆ ಅಂತ ಪಂಡಿತರು ಸಮರ್ಥಿಸ್ಕೋಬೋದು, ಅಂತರಜಾಲ ಅಂತ ಬರೀಬೇಕು ಅನ್ನೋರೂ ಇದಾರೆ, ಅಂತರರಾಷ್ಟ್ರೀಯ ಅಂತಾರಾಷ್ಟ್ರೀಯ ಅನ್ನೋ ಹಳೇ ಜಗಳದ ತಮ್ಮ ಇದು, ಅದನ್ನ ಇಲ್ಲಿ ಮತ್ತೆ ಎತ್ತೋದು ಬೇಡ. ನನ್ನ ಕಷ್ಟ ಇಷ್ಟೇ, ಹೊರಗಿನ ಜಗತ್ತಿನ ಜಾಲಕ್ಕೆ ಅಂತರ್ಜಾಲ ಅಂತ ಆಗ್ಲೇ ಇಟ್ಟಾಗಿರೋದ್ರಿಂದ ಮನೆಯೊಳಗಿನ ಜಾಲಕ್ಕೆ ‘ಒಳಜಾಲ’ ಅಂದ್ರೆ ಎರಡೂ ಒಂದೇ ಅಂತ ಓದಿಸ್ಕೊಳ್ಳತ್ತೆ. ಸದ್ಯಕ್ಕೆ ‘ಮನೆಜಾಲ’ ಅಂತ ಬರ್ಕೊಂಡಿದೀನಿ. ಲ್ಯಾನ್‌ಗೆ ‘ಸ್ಥಳೀಯ ಜಾಲ’ ಅನ್ನೋದಕ್ಕಿಂತ ಇದು ವಾಸಿ ಅಂತ ನನ್ನ ಅಭಿಪ್ರಾಯ, ಸ್ಥಳೀಯ ಅಂದ್ರೆ ಪಂಚಾಯ್ತಿ ಎಲೆಕ್ಷನ್ ನೆನಪಾಗತ್ತೆ.

ಸಬ್‌ನೆಟ್ಟಿಗೆ, ಅಂದ್ರೆ ಐಪಿ ವಿಳಾಸಗಳನ್ನ ಪಾಲು ಮಾಡಿದಾಗ ಸಿಗೋ ಒಂದೊಂದು ಜಾಲಕ್ಕೆ, ‘ಉಪಜಾಲ’ ಅಂತ ಸಿಗತ್ತೆ. ನಂಗೆ ಅದು ಒಪ್ಪಿಗೆ ಇಲ್ಲ. ಉಪಮುಖ್ಯಮಂತ್ರಿ, ಉಪನೋಂದಣಾಧಿಕಾರಿ ಥರ ಒಬ್ರ ಕೈಕೆಳಗೆ ಇನ್ನೊಬ್ರು ಅನ್ನೋ ವಾಸನೆ ಬರತ್ತೆ, ಇಲ್ಲಿ 192.168.10 ರವರೂ 192.168.20 ರವರೂ ಸರಿಸಮ, ಯಾರೂ ಯಾರಿಗೂ ಉಪ ಅಲ್ಲ. ಹಾಗಾದ್ರೆ ಏನು ಅಂತ ಯೋಚಿಸ್ತಿದ್ದಾಗ ಹೊಳೆದದ್ದು ‘ಪೋಡಿ’. ಒಟ್ಟಿಗಿರೋ ಜಮೀನನ್ನ ಅಳೆದು ದಾಖಲೆಯಲ್ಲಿ ಬೇರೆಬೇರೆ ಮಾಡೋದಕ್ಕೆ ಕಂದಾಯ ಇಲಾಖೆ ಪದ, ಜಮೀನಿದ್ದೋರಿಗೆ ಹೇಳೋದೇ ಬೇಡ. ಸರ್ವೆ ನಂಬರ್ 42 ರಲ್ಲಿ ಅಣ್ಣತಮ್ಮಂದ್ರು ಇಬ್ರ ಹೆಸರೂ ಒಂದೇ ಪಹಣಿಯಲ್ಲಿದೆ, ಹೊಲದಲ್ಲಿ ಬದು ಹಾಕ್ಕೊಂಡು ಅವರವರ ಪಾಡಿಗೆ ಉಳ್ತಾನೂ ಇದಾರೆ, ಆದ್ರೆ ಪೋಡಿ ಆಗೋವರ್ಗೂ ದಾಖಲೆಯಲ್ಲಿ ಅದು ಒಂದೇ ಜಮೀನು. ಪೋಡಿ ಆಗಿ 42/1, 42/2 ಅಂದ್ಮೇಲೇ ಅದು ಎರಡು. ಒಂದೇ ಡಬ್ಬದಲ್ಲಿ ಎರಡು ವೈಫೈ ಹೆಸರು ಇಟ್ಕೊಂಡು ‘ನಮ್ದು ಬೇರೆ ಅವ್ರದ್ದು ಬೇರೆ’ ಅನ್ನೋ ಮನೆ ಇದೆಯಲ್ಲ, ಅದು ಥೇಟ್ ಪೋಡಿ ಆಗದ ಜಮೀನು. ಇಷ್ಟು ಹೇಳಿದ್ರೆ ಸಾಕು, ನಮ್ಮ ಕಡೆ ಅರವತ್ತು ದಾಟಿದ ಯಾವ ಓನರಿಗೂ ಸಬ್‌ನೆಟ್ ಪಾಠ ಬೇಕಾಗಲ್ಲ.

ಆದ್ರೆ ಇದ್ರಲ್ಲೂ ತಕರಾರಿದೆ. ಒಂದು, ಆ ಓರೆಗೆರೆ. 42/1 ರಲ್ಲಿ ಗೆರೆ ಆದ್ಮೇಲಿರೋದು ಹಿಸ್ಸಾ ನಂಬರು, 192.168.10.0/24 ರಲ್ಲಿ 24 ಅಂದ್ರೆ ವಿಳಾಸದ 32 ಬಿಟ್ಟುಗಳಲ್ಲಿ (ಬಿಟ್ ಅಂದ್ರೆ ಒಂದು 0 ಅಥವಾ 1) ಮೊದಲ ಎಷ್ಟು ಬಿಟ್ಟು ಜಾಲಕ್ಕೆ ಸೇರಿದ್ದು ಅನ್ನೋ ಲೆಕ್ಕ, ಉಳಿದ 8 ಬಿಟ್ಟಲ್ಲಿ 254 ಸಾಧನ ಹಿಡಿಸ್ತವೆ. ಹೋಲಿಕೆ ನಂಬ್ಕೊಂಡು ಇಪ್ಪತ್ನಾಲ್ಕನೇ ಹಿಸ್ಸಾ ಅಂದ್ಕೊಂಡ್ರೆ ಕಥೆ ಮುಗೀತು. ಎರಡು, ಮಂಗಳೂರು ಉಡುಪಿ ಕಡೆಯವರಿಗೆ ಪೋಡಿ ಅಂದ್ರೆ ಬಿಸಿ ಎಣ್ಣೇಲಿ ಕರಿಯೋದು, ನೀರುಳ್ಳಿ ಪೋಡಿ, ಬಾಳೆಕಾಯಿ ಪೋಡಿ. ‘ನಿಮ್ಮ ಜಾಲವನ್ನು ಪೋಡಿ ಮಾಡಿ’ ಅಂತ ಬರೆದ್ರೆ ಸಂಜೆ ಕಾಫಿ ಹೊತ್ತಿಗೆ ಓದೋಕೆ ಚೆನ್ನಾಗಿರತ್ತೆ ಅಷ್ಟೇ. ಉತ್ತರ ಕರ್ನಾಟಕದ ಕಡೆ ಪಹಣಿಗೆ ಉತಾರ ಅಂತಾರೆ, ಪಾಲು ಮಾಡ್ಕೊಳ್ಳೋದಕ್ಕೆ ವಾಟ್ನಿ ಅಂತಾರೆ, ಅಲ್ಲಿಯವ್ರು ಯಾರಾದ್ರೂ ಸಬ್‌ನೆಟ್ಟಿಗೆ ‘ವಾಟ್ನಿ’ ಒಗ್ಗತ್ತಾ ಅಂತ ಹೇಳ್ಬೇಕು. ‘ಹಿಸ್ಸೆ’ ಎಲ್ಲಾ ಕಡೆ ನಡಿಯಬಹುದೇನೋ, ‘ಜಾಲಹಿಸ್ಸೆ’ ಅಂದ್ರೆ ಕಿವಿಗೆ ಹೇಗೆ ಕೇಳತ್ತೆ? ನಂಗೆ ಸ್ವಲ್ಪ ಒರಟು ಅನ್ನಿಸ್ತು.

ವಿಲ್ಯಾನ್ (ವರ್ಚುಯಲ್ ಲ್ಯಾನ್) ಇನ್ನೂ ಕಷ್ಟ. ಎರಡು ಮೂರು ರೂಟರ್ ಇಡೋ ಬದಲು ಒಂದು ಮ್ಯಾನೇಜ್ಡ್ ಸ್ವಿಚ್ (ಯಾವ ತೂತು ಯಾವ ಜಾಲಕ್ಕೆ ಅಂತ ನಾವೇ ಹೊಂದಿಸ್ಬೋದಾದ, ಕೇಬಲ್ ಜೋಡಿಸೋ ಡಬ್ಬ) ಇಟ್ಟು, ಒಂದೇ ತಂತಿಯಲ್ಲಿ ಹೋಗೋ ಒಂದೊಂದು ಡೇಟಾ ಕಟ್ಟಿಗೂ ‘ಇದು ಇಂಥ ಜಾಲದ್ದು’ ಅಂತ ಚೀಟಿ ಅಂಟಿಸಿ ಕಳಿಸೋ ವ್ಯವಸ್ಥೆ. 802.1ಕ್ಯೂ ಅಂತ ಇದ್ರ ಮಾನಕ, 1998 ರಲ್ಲಿ ಬಂದದ್ದು, ಆ ಚೀಟಿಯಲ್ಲಿ ಸಂಖ್ಯೆಗೆ 12 ಬಿಟ್ಟು ಜಾಗ ಇರೋದ್ರಿಂದ 4094 ಜಾಲದವರೆಗೂ ಹೆಸರಿಸ್ಬೋದು, ಮನೆಗೆ ಮೂರು ಸಾಕು. ಇದ್ರಲ್ಲಿ ‘ವಿ’ ಅನ್ನೋದು ವರ್ಚುಯಲ್, ಅದಕ್ಕೆ ‘ವಾಸ್ತವಪ್ರಾಯ’ ‘ಮಿಥ್ಯ’ ಅಂತೆಲ್ಲ ಬರೀತಾರೆ. ಮಿಥ್ಯಜಾಲ ಅಂದ್ರೆ ಸುಳ್ಳು ಜಾಲ ಅಂತಾಗತ್ತೆ, ಇದು ಕೆಲಸದಲ್ಲಿ ಪೂರಾ ನಿಜವಾದ ಜಾಲ, ಬೇರೆ ತಂತಿ ಇಲ್ಲ ಅಷ್ಟೇ. ಅದಕ್ಕೇ ವರ್ಚುಯಲ್ ಅನ್ನೋದನ್ನ ಕೈಬಿಟ್ಟು ಕೆಲಸದಿಂದ ಹೆಸರಿಟ್ರೆ ಹೇಗೆ, ‘ಚೀಟಿಜಾಲ’ ಅಂತ? ನಗಬೇಡಿ, ಟ್ಯಾಗ್ಡ್ ಪೋರ್ಟ್, ಅನ್‌ಟ್ಯಾಗ್ಡ್ ಪೋರ್ಟ್ ಅನ್ನೋದಕ್ಕೆ ಚೀಟಿ ಇರೋ ತೂತು, ಚೀಟಿ ಇಲ್ಲದ ತೂತು ಅಂತ ಅದೇ ಜಾಡಲ್ಲಿ ಹೇಳೋಕಾಗತ್ತೆ, ಬೇರೆ ಯಾವ ಅನುವಾದದಲ್ಲೂ ಅದು ಆಗಲ್ಲ. ಚೀಟಿ ಅಂದ್ರೆ ಚೀಟಿ ವ್ಯವಹಾರ ನೆನಪಾಗತ್ತೆ ಅನ್ನೋದಾದ್ರೆ ‘ಪಟ್ಟಿ’ ‘ಗುರುತು’ ಏನಾದ್ರೂ ಹೇಳಿ. ಕಂಪನಿಯವ್ರು ಫೈಬರ್ ಡಬ್ಬದ ಹೊರಮುಖಕ್ಕೂ ಒಂದು ವಿಲ್ಯಾನ್ ಸಂಖ್ಯೆ ಹಾಕಿರೋದು ಹಲವು ಕಡೆ ಇದೆ, ಅದನ್ನ ಮುಟ್ಟಿದ್ರೆ ನೆಟ್ಟೇ ನಿಂತ್ಹೋಗತ್ತೆ, ಆದ್ರಿಂದ ‘ಕಂಪನಿಯ ಚೀಟಿ’ ‘ನಮ್ಮ ಚೀಟಿ’ ಅಂತ ಎರಡೂ ಬಿಡಿಸಿ ಹೇಳ್ಬೇಕು.

ಬ್ರಿಡ್ಜ್ ಮೋಡನ್ನ ‘ಸೇತುವೆ ವಿಧಾನ’ ಮಾಡಿ ಪ್ರಯೋಜನ ಇಲ್ಲ. ಫೈಬರ್ ಡಬ್ಬ ರೂಟರ್ ಕೆಲಸ ಬಿಟ್ಟು ಬರೀ ಬೆಳಕನ್ನ ವಿದ್ಯುತ್ ಮಾಡಿ ದಾಟಿಸೋದು, ಉಳಿದದ್ದೆಲ್ಲ ನಮ್ಮ ರೂಟರ್ ನೋಡ್ಕೊಳ್ಳೋದು, ಇದಕ್ಕೆ ಸೇತುವೆ ಅಂದ್ರೆ ಎರಡು ಜಾಲ ಜೋಡಿಸ್ತಾರೆ ಅಂತ ಓದುಗರು ತಿಳ್ಕೋತಾರೆ, ನಾವು ಹೇಳ್ತಿರೋದು ಬೇರ್ಪಡಿಸೋ ಕಥೆ. ‘ಬ್ರಿಡ್ಜ್ ಮೋಡಿಗೆ ಹಾಕಿಸಿ’ ಅಂತಲೇ ಬಿಡ್ತೀನಿ, ಕಸ್ಟಮರ್ ಕೇರಿಗೆ ಫೋನ್ ಮಾಡಿದಾಗ್ಲೂ ಅದೇ ಪದ ಬೇಕು.

ಐಸೊಲೇಷನ್‌ಗೆ (ಒಬ್ರಿಗೊಬ್ರು ಸಿಗದ ಹಾಗೆ ಇಡೋದಕ್ಕೆ) ಮಾತ್ರ ಕನ್ನಡ ಬೇಕೇಬೇಕು ಯಾಕಂದ್ರೆ ಅಲ್ಲಿ ಅರ್ಥ ಜಾರತ್ತೆ. ರೂಟರಿನ ಸೆಟ್ಟಿಂಗಲ್ಲಿ ಎಪಿ ಐಸೊಲೇಷನ್ ಅಂತ ಇರತ್ತಲ್ಲ, ಅದು ಒಂದೇ ವೈಫೈಗೆ ಸೇರಿದ ಫೋನುಗಳು ತಮ್ತಮ್ಮಲ್ಲಿ ಮಾತಾಡದ ಹಾಗೆ ಮಾಡೋದು, ಪಿಜಿಗಳಲ್ಲಿ ಇದೇ ಬೇಕಾಗೋದು. ಜಾಲ ಬೇರೆ ಮಾಡೋದಲ್ಲ. ಎರಡಕ್ಕೂ ‘ಪ್ರತ್ಯೇಕಿಸುವಿಕೆ’ ಅಂತ ಬರೆದ್ರೆ ಮತ್ತೆ ಮೊದಲಿನ ‘ಬೇರೆ’ ಗೋಜಲೇ. ಜಾಲ ಬೇರೆ ಮಾಡೋದಕ್ಕೆ ‘ಬೇರ್ಪಡಿಸು’, ಒಂದೇ ಜಾಲದೊಳಗೆ ಮಾತು ನಿಲ್ಲಿಸೋದಕ್ಕೆ ‘ಮರೆಮಾಡು’ ಅಂತ ಎರಡು ಕ್ರಿಯಾಪದ ಇಟ್ಕೊಂಡಿದೀನಿ, ‘ಮರೆ’ ಅಷ್ಟು ಸರಿಯಾಗಿ ಕೂತಿಲ್ಲ ಅಂತ ನಂಗೇ ಅನ್ನಿಸ್ತಿದೆ.

ಹಾಗಾಗಿ ತಿಳಿದೋರು ದಯವಿಟ್ಟು ಹೇಳಿ: ಹೆಸರು ಮಾತ್ರ ಬೇರೆ, ಡಬ್ಬ ಬೇರೆ, ಜಾಲವೇ ಬೇರೆ, ಈ ಮೂರನ್ನ ನಿಮ್ಮ ಊರಿನ ಕೇಬಲ್‌ನವ್ರು, ಕಂಪ್ಯೂಟರ್ ಅಂಗಡಿಯವ್ರು ಮಾತಲ್ಲಿ ಹೇಗೆ ಬಿಡಿಸಿ ಹೇಳ್ತಾರೆ? ನಿಘಂಟಿನ ಪದಕ್ಕಿಂತ ಅವ್ರ ಬಾಯಲ್ಲಿ ಬಂದದ್ದು ಬೇಕು, ಅದು ಅರ್ಧ ಇಂಗ್ಲಿಷ್ ಆಗಿದ್ರೂ ಪರವಾಗಿಲ್ಲ. ಮಲೆನಾಡಲ್ಲಿ ಹಳ್ಳಿಗೆ ಫೈಬರ್ ಎಳೆದುಕೊಟ್ಟಿರೋ ಗುಂಪುಗಳ ಜೊತೆ ಒಡನಾಟ ಇರೋರು ಯಾರಾದ್ರೂ ಇದ್ರೆ ಅವ್ರು ಸ್ಪ್ಲಿಟರ್‌ಗೆ ಏನಂತಾರೆ ಅಂತಲೂ ಬರೀರಿ. ಒಂದು ಎಳೆಯ ಬೆಳಕನ್ನ 32 ಮನೆಗೋ 64 ಮನೆಗೋ ಹಂಚೋ ಸಾಮಾನು ಅದು, ನಾನು ಸದ್ಯಕ್ಕೆ ‘ಕವಲು’ ಅಂತ ಬರ್ಕೊಂಡಿದೀನಿ.