ಕುಡಿತ ಕಡಿಮೆ ಮಾಡಲು ಮೊಬೈಲ್ ನೆರವಾಗುತ್ತದೆಯೇ? ಮನೋವೈದ್ಯೆಯೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ಹೆಸರು ಬೇಡ ಎಂದ ಸದಸ್ಯರು): ನಮಸ್ಕಾರ ಡಾಕ್ಟರೇ. ನನಗೆ 41 ವರ್ಷ. ವಾರದಲ್ಲಿ ನಾಲ್ಕೈದು ಸಂಜೆ ಮನೆಯಲ್ಲೇ ಕುಳಿತು ವಿಸ್ಕಿ ಕುಡಿಯುತ್ತೇನೆ. ಎರಡು ಪೆಗ್ ಸಾಕು ಎಂದುಕೊಂಡೇ ಕೂರುತ್ತೇನೆ, ಮೂರೋ ನಾಲ್ಕೋ ಆಗಿಬಿಡುತ್ತದೆ. ಬೆಳಿಗ್ಗೆ ಕೈ ನಡುಗುವುದಿಲ್ಲ, ಕೆಲಸ ತಪ್ಪಿಸಿದ್ದೂ ಇಲ್ಲ. ಆದರೆ ನಿದ್ದೆ ಕೆಟ್ಟಿದೆ. ರಾತ್ರಿ ಮಗಳು ಹತ್ತಿರ ಬಂದರೆ ವಾಸನೆ ಬರಬಾರದೆಂದು ಮುಖ ತಿರುಗಿಸಿ ಮಾತನಾಡುತ್ತೇನೆ. ಪೂರ್ತಿ ಬಿಡುವ ಮನಸ್ಸು ಸದ್ಯಕ್ಕಿಲ್ಲ, ಕಡಿಮೆಯಾದರೂ ಆಗಬೇಕು. ಆಸ್ಪತ್ರೆಗೆ ಹೋಗಲು ಸಂಕೋಚ. ಇದಕ್ಕೆಂದೇ ಮೊಬೈಲ್ ಆ್ಯಪ್‌ಗಳಿವೆಯಂತೆ. ಅವುಗಳಿಂದ ನಿಜಕ್ಕೂ ಪ್ರಯೋಜನವಿದೆಯೇ?

ಉತ್ತರ: ಇದೆ. ನಿಮ್ಮಂಥವರಿಗೇ ಇರುವುದು. ಮುಖ ತಿರುಗಿಸುವ ಮಾತನ್ನು ಮುಚ್ಚಿಡದೆ ಬರೆದಿದ್ದೀರಿ, ಕಡಿಮೆ ಮಾಡಲು ಅಷ್ಟು ಗಟ್ಟಿ ಕಾರಣ ಇರುವವರಿಗೆ ದಾರಿ ಅರ್ಧ ಸುಲಭ.

2017ರಲ್ಲಿ, ವೈದ್ಯಕೀಯ ಅಧ್ಯಯನಗಳನ್ನು ಕಲೆಹಾಕಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆ ಈ ಬಗೆಯ 57 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿತು. ಭಾಗವಹಿಸಿದ್ದವರು 34,000ಕ್ಕೂ ಹೆಚ್ಚು ಮಂದಿ. ಕಂಪ್ಯೂಟರ್ ಅಥವಾ ಮೊಬೈಲ್ ಮೂಲಕ ತಮ್ಮ ಕುಡಿತದ ಬಗ್ಗೆ ತಮಗೇ ಹೊಂದುವ ಸಲಹೆ ಪಡೆದವರು, ಪಡೆಯದವರಿಗಿಂತ ವಾರಕ್ಕೆ ಸರಾಸರಿ 23 ಗ್ರಾಂ ಮದ್ಯಸಾರ ಕಡಿಮೆ ಕುಡಿದಿದ್ದರು. ಬ್ರಿಟನ್ನಿನಲ್ಲಿ ‘ಡ್ರಿಂಕ್ ಲೆಸ್’ ಎಂಬ ಆ್ಯಪನ್ನು 5,602 ಜನರ ಮೇಲೆ ಪರೀಕ್ಷಿಸಿ 2024ರಲ್ಲಿ ಫಲಿತಾಂಶ ಪ್ರಕಟಿಸಿದರು. ಬರೀ ಮಾಹಿತಿ ಪುಟ ಓದಿದವರಿಗಿಂತ ಆ್ಯಪ್ ಬಳಸಿದವರ ಕುಡಿತ ಆರು ತಿಂಗಳ ನಂತರ, ಒಂದು ಬಗೆಯ ಲೆಕ್ಕಾಚಾರದಲ್ಲಿ, ವಾರಕ್ಕೆ ಸುಮಾರು 2 ಯೂನಿಟ್‌ನಷ್ಟು ಹೆಚ್ಚು ಇಳಿದಿತ್ತು. ಅಲ್ಲಿ ಒಂದು ಯೂನಿಟ್ ಎಂದರೆ 8 ಗ್ರಾಂ ಮದ್ಯಸಾರ. ಇದು ಪವಾಡವಲ್ಲ ಎಂದು ನಿಮಗೇ ಕಾಣುತ್ತಿದೆ. ಆದರೆ ಸರಾಸರಿಯೊಳಗೆ ಆ್ಯಪನ್ನು ಒಮ್ಮೆ ತೆರೆದು ಮರೆತವರೂ ಇರುತ್ತಾರೆ. ಪ್ರತಿ ಸಂಜೆ ಬರೆದವರೂ ಇರುತ್ತಾರೆ.

ಆ್ಯಪ್ ಹುಡುಕುವ ಮೊದಲು ಎರಡು ಕೆಲಸ ಮಾಡಿ. ಒಂದು, ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ ‘ಆಡಿಟ್’ ಎಂಬ ಹತ್ತು ಪ್ರಶ್ನೆಗಳ ಪಟ್ಟಿಗೆ ಉತ್ತರ ಕೊಡಿ. ಅನೇಕ ಆ್ಯಪ್‌ಗಳಲ್ಲಿ ಅದೇ ಮೊದಲ ಪುಟ. ಒಟ್ಟು ಅಂಕ 40. 8 ಅಥವಾ ಹೆಚ್ಚು ಬಂದರೆ ಕುಡಿತ ಅಪಾಯದ ಕಡೆಗೆ ವಾಲಿದೆ ಎಂದರ್ಥ. 20 ಅಥವಾ ಹೆಚ್ಚು ಬಂದರೆ ಅವಲಂಬನೆಯ ಶಂಕೆಯಿದೆ. ಆಗ ಸಂಕೋಚ ಬದಿಗಿಟ್ಟು ವೈದ್ಯರನ್ನು ನೋಡಲೇಬೇಕು.

ಎರಡನೆಯದು ನಿಮ್ಮ ಲೋಟ. ಇಂದು ಸಂಜೆ ಎಂದಿನಂತೆ, ಕಣ್ಣಳತೆಯಲ್ಲೇ ಒಂದು ಪೆಗ್ ಸುರಿಯಿರಿ. ನೀರನ್ನಾಗಲಿ ಸೋಡಾವನ್ನಾಗಲಿ ಬೆರೆಸುವ ಮೊದಲು ಅದನ್ನು ಕೆಮ್ಮಿನ ಔಷಧದ ಜೊತೆ ಬರುವ ಅಳತೆಯ ಮುಚ್ಚಳದಲ್ಲೋ ಅಡುಗೆಮನೆಯ ಅಳತೆಯ ಬಟ್ಟಲಲ್ಲೋ ಹಾಕಿ ಎಷ್ಟು ಮಿಲಿಲೀಟರ್ ಎಂದು ನೋಡಿ. ನನ್ನ ಬಳಿ ಬರುವವರಲ್ಲಿ 60 ಎಂದು ಸುರಿದದ್ದು ಸರಿಯಾಗಿ 60 ಇದ್ದುದು ಬಹಳ ಅಪರೂಪ. ಅಗಲ ಬಾಯಿಯ, ದಪ್ಪ ತಳದ ಲೋಟ ಕಣ್ಣಿಗೆ ಮೋಸ ಮಾಡುತ್ತದೆ. ತಪ್ಪು ಅಳತೆಯನ್ನು ಎಷ್ಟು ಶ್ರದ್ಧೆಯಿಂದ ದಾಖಲಿಸಿದರೂ ತಪ್ಪು ಲೆಕ್ಕವೇ ಸಿಗುತ್ತದೆ.

ಲೆಕ್ಕ ಹಾಕುವ ಬಗೆ ಹೀಗೆ: ಮಿಲಿಲೀಟರ್ ಅನ್ನು ಬಾಟಲಿಯ ಮೇಲಿನ ಶೇಕಡಾವಾರು ಅಂಕಿಯಿಂದ ಗುಣಿಸಿ, 100ರಿಂದ ಭಾಗಿಸಿ, ಬಂದದ್ದನ್ನು 0.79ರಿಂದ ಗುಣಿಸಿ. ಶೇ 42.8ರ ವಿಸ್ಕಿ 60 ಮಿಲಿಲೀಟರ್ ಎಂದರೆ ಸುಮಾರು 20 ಗ್ರಾಂ ಶುದ್ಧ ಮದ್ಯಸಾರ. ಶೇ 8ರ ಬಿಯರ್ 650 ಮಿಲಿಲೀಟರ್ ಬಾಟಲಿ ಸುಮಾರು 41 ಗ್ರಾಂ, ಅಂದರೆ ಅಂಥ ಎರಡು ಪೆಗ್. ‘ನಾನು ಬಿಯರ್ ಮಾತ್ರ’ ಎನ್ನುವವರು ಇದನ್ನು ಇನ್ನೊಮ್ಮೆ ಓದಬೇಕು.

ಅದೇ ಸದಸ್ಯರು: ಬರೆಯುವುದು ಕುಡಿದ ಮೇಲೋ, ಮೊದಲೋ?

ಉತ್ತರ: ಮೊದಲು. ನಿಮ್ಮ ಪ್ರಶ್ನೆಗಳಲ್ಲಿ ನನಗೆ ಬಹಳ ಮುಖ್ಯವೆನಿಸಿದ್ದು ಇದೇ. ಮರುದಿನ ಬೆಳಿಗ್ಗೆ ನೆನಪಿನಿಂದ ಬರೆದರೆ ಮೂರನೆಯದೂ ನಾಲ್ಕನೆಯದೂ ಮರೆತೇ ಹೋಗಿರುತ್ತವೆ. ಬಾಟಲಿಗೆ ಕೈ ಹಾಕುವ ಮುನ್ನ ಮೊಬೈಲ್ ತೆಗೆದು ‘60, ಎರಡನೆಯದು’ ಎಂದು ನಮೂದಿಸಿ. ಆ ಹತ್ತು ಕ್ಷಣದಲ್ಲಿ ಕೈ ಒಮ್ಮೆ ತಡೆಯುತ್ತದೆ. ಕುಡಿಯುವುದು ನಿಮಗೆ ಈಗ ಅಭ್ಯಾಸ. ಯೋಚನೆಗೆ ಎಡೆ ಸಿಗುವುದು ಅಲ್ಲಿ ಮಾತ್ರ. ಆ್ಯಪ್ ಮಾಡುವ ಉಪಕಾರ ಬಹುಪಾಲು ಅಷ್ಟೇ ಎಂದರೂ ತಪ್ಪಿಲ್ಲ, ಆದರೆ ಅದು ಸಣ್ಣದಲ್ಲ.

ಇನ್ನೊಂದು ವಿಷಯ. ಆಸೆ ಎನ್ನುವುದು ಏರಿ ಇಳಿಯುವಂಥದ್ದು. ಸಾಮಾನ್ಯವಾಗಿ ಕಾಲು ಗಂಟೆ, ಅರ್ಧ ಗಂಟೆಯಲ್ಲಿ ಅದರ ಬಿರುಸು ಕುಗ್ಗುತ್ತದೆ. ನೀವು ದಿನವೂ ಕೂರುವ ಹೊತ್ತಿಗೆ ಹತ್ತು ನಿಮಿಷ ಮೊದಲು ಮೊಬೈಲ್ ಎಚ್ಚರಿಸುವಂತೆ ಇಟ್ಟುಕೊಳ್ಳಿ. ಆ ಎಚ್ಚರಿಕೆಗೆ ‘ಕುಡಿಯಬೇಡ’ ಎಂದು ಬರೆಯಬೇಡಿ. ಏನು ಮಾಡಬೇಕೆಂದು ಬರೆಯಿರಿ: ‘ಮಗಳ ಜೊತೆ ಹೊರಗೆ ಒಂದು ಸುತ್ತು’. ಖಾಲಿ ಬಿಟ್ಟ ಜಾಗಕ್ಕೆ ಹಳೆಯ ಅಭ್ಯಾಸವೇ ಮರಳಿ ಬರುತ್ತದೆ. ಕಾಕ್ರೇನ್ ಪರಿಶೀಲನೆಯಲ್ಲೂ, ಕುಡಿತದ ಬದಲು ಬೇರೇನು ಮಾಡಬಹುದು ಎಂದು ಹೇಳಿಕೊಟ್ಟ ಸಾಧನಗಳು ಹೆಚ್ಚು ಫಲ ಕೊಟ್ಟ ಸೂಚನೆ ಇತ್ತು.

ನಿದ್ದೆಯ ಮಾತು: ಕುಡಿದರೆ ಬೇಗ ನಿದ್ದೆ ಹತ್ತುತ್ತದೆ, ಆದರೆ ರಾತ್ರಿಯ ಎರಡನೇ ಅರ್ಧದಲ್ಲಿ ಒಡೆಯುತ್ತದೆ. ಕುಡಿಯದ ದಿನ ಬೆಳಿಗ್ಗೆ ಎದ್ದಾಗ ಹೇಗಿತ್ತು ಎಂಬುದನ್ನೂ ಅದೇ ಲೆಕ್ಕದ ಪಕ್ಕದಲ್ಲಿ ಬರೆದಿಡಿ. ಮೊದಲ ಕೆಲವು ರಾತ್ರಿ ನಿದ್ದೆ ಇನ್ನೂ ಕೆಡಬಹುದು, ಹೆದರಬೇಡಿ.

ಪ್ರಶ್ನೆ (ಇನ್ನೊಬ್ಬರು): ಮೇಡಂ, ನನ್ನ ಆ್ಯಪ್ ಕುಡಿಯದ ದಿನಗಳನ್ನು ಎಣಿಸುತ್ತಿತ್ತು. 23 ದಿನ ಆಗಿತ್ತು. ಒಂದು ಮದುವೆಯಲ್ಲಿ ಒಂದು ಪೆಗ್ ಕುಡಿದೆ. ಸತ್ಯವನ್ನೇ ಬರೆದೆ. ಲೆಕ್ಕ ಸೊನ್ನೆಗೆ ಬಂತು. ಅಂದು ರಾತ್ರಿ ಇನ್ನೂ ಆರು ಕುಡಿದೆ.

ಉತ್ತರ: ಓದಿ ಬೇಸರವಾಯಿತು. ನಿಮ್ಮದು ತೀರಾ ಸಾಮಾನ್ಯ ಅನುಭವ. ‘ಹೇಗೂ ವ್ರತ ಮುರಿಯಿತು, ಇನ್ನೆಷ್ಟಾದರೇನು’ ಎಂಬ ಆ ಯೋಚನೆಯೇ ಮೊದಲ ಪೆಗ್‌ಗಿಂತ ಹೆಚ್ಚು ಹಾನಿ ಮಾಡುತ್ತದೆ. 24 ದಿನಗಳಲ್ಲಿ 23 ದಿನ ನೀವು ಕುಡಿದಿರಲಿಲ್ಲ. ಆ 23 ದಿನಗಳಲ್ಲಿ ಯಕೃತ್ತಿಗೆ ಸಿಕ್ಕ ಬಿಡುವನ್ನು ಯಾವ ಸೊನ್ನೆಯೂ ಅಳಿಸುವುದಿಲ್ಲ. ಸತತ ದಿನಗಳನ್ನು ಮಾತ್ರ ತೋರಿಸುವ ಆ್ಯಪನ್ನು ಬಿಡಿ. ವಾರದ ಒಟ್ಟು ಗ್ರಾಂ, ತಿಂಗಳಲ್ಲಿ ಕುಡಿಯದ ದಿನ ಎಷ್ಟು ಎಂದು ತೋರಿಸುವಂಥದ್ದನ್ನು ಹುಡುಕಿ. ಸಿಗದಿದ್ದರೆ ಗೋಡೆಯ ಕ್ಯಾಲೆಂಡರ್ ಮತ್ತು ಪೆನ್ನು ಸಾಕು. ಇದನ್ನು ಮನಸಾರೆ ಹೇಳುತ್ತಿದ್ದೇನೆ. ಮತ್ತೆ ಮದುವೆಯೋ ಔತಣವೋ ಬರುತ್ತದೆ. ಹೊರಡುವ ಮೊದಲೇ ಅಲ್ಲಿ ಕೈಯಲ್ಲಿ ಯಾವ ಲೋಟ ಹಿಡಿಯುತ್ತೀರಿ, ಎಷ್ಟು ಗಂಟೆಗೆ ಹೊರಡುತ್ತೀರಿ ಎಂದು ಬರೆದುಕೊಂಡು ಹೋಗಿ.

ಪ್ರಶ್ನೆ: ಡಾಕ್ಟರೇ, ನಮ್ಮ ಯಜಮಾನರು ದಿನವೂ ಕುಡಿಯುತ್ತಾರೆ. ಬೆಳಿಗ್ಗೆ ಒಂದಿಷ್ಟು ಹಾಕದಿದ್ದರೆ ಕಾಫಿ ಲೋಟ ಹಿಡಿಯಲು ಕೈ ನಡುಗುತ್ತದೆ. ಅವರಿಗೆ ತಿಳಿಯದಂತೆ ಅವರ ಮೊಬೈಲ್‌ನಲ್ಲಿ ಇಂಥ ಆ್ಯಪ್ ಹಾಕಿ, ಎಲ್ಲಿ ಹೋಗುತ್ತಾರೆ ಎಂದೂ ನೋಡಬಹುದೇ?

ಉತ್ತರ: ಅಮ್ಮಾ, ದಯವಿಟ್ಟು ಮೊದಲು ಇದನ್ನು ಕೇಳಿ. ಬೆಳಗಿನ ನಡುಕ ಇರುವವರಿಗೆ ಆ್ಯಪ್ ಚಿಕಿತ್ಸೆಯಲ್ಲ. ಅವರ ದೇಹ ಮದ್ಯಕ್ಕೆ ಒಗ್ಗಿಹೋಗಿದೆ. ಛಲಕ್ಕೆ ಬಿದ್ದು ಒಮ್ಮೆಲೇ ನಿಲ್ಲಿಸಿದರೆ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡು–ಮೂರು ದಿನ ಕಳೆದ ಮೇಲೆ ಭ್ರಮೆ, ಬಡಬಡಿಕೆ, ವಿಪರೀತ ಬೆವರು ಶುರುವಾದರೆ ಪ್ರಾಣಕ್ಕೇ ಅಪಾಯ. ವೈದ್ಯರ ಕಣ್ಣೆದುರಲ್ಲಿ, ಔಷಧದ ಆಸರೆಯಲ್ಲಿ, ಥಯಮಿನ್ ಜೀವಸತ್ವ ಕೊಟ್ಟು ನಿಲ್ಲಿಸಬೇಕು. ಹಾಗಾಗಿ ‘ಇಂದಿನಿಂದ ಮುಟ್ಟಬೇಡಿ’ ಎಂದು ಒತ್ತಾಯಿಸಬೇಡಿ. ‘ನಾಳೆ ಡಾಕ್ಟರ ಬಳಿ ಹೋಗೋಣ, ನಾನೂ ಬರುತ್ತೇನೆ’ ಎನ್ನಿ. ಅವರು ಕುಡಿಯದಿರುವ ಹೊತ್ತಿನಲ್ಲಿ, ಮೆಲ್ಲನೆ.

ಗುಟ್ಟಾಗಿ ಮೊಬೈಲ್ ನೋಡುವುದು ಬೇಡ. ಗೊತ್ತಾದ ದಿನ ಕುಡಿತದ ಮಾತು ಹಿಂದೆ ಬಿದ್ದು ಜಗಳವೇ ಮುಂದೆ ಬರುತ್ತದೆ.

ಚಿಕಿತ್ಸೆ ಮುಗಿದ ಮೇಲೆ ಮೊಬೈಲ್ ಖಂಡಿತ ನೆರವಾಗುತ್ತದೆ. ಅಮೆರಿಕದಲ್ಲಿ ಚಿಕಿತ್ಸಾ ಕೇಂದ್ರದಿಂದ ಮನೆಗೆ ಮರಳಿದ 349 ಮಂದಿಯ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ‘ಎ-ಚೆಸ್’ ಎಂಬ ಆ್ಯಪ್ ಪಡೆದವರು ತಿಂಗಳಲ್ಲಿ ಸರಾಸರಿ 1.39 ದಿನ ಅತಿಯಾಗಿ ಕುಡಿದಿದ್ದರೆ, ಪಡೆಯದವರು 2.75 ದಿನ. ಹಳೆಯ ಕುಡಿಯುವ ಜಾಗದ ಹತ್ತಿರ ಹೋದರೆ ಅದು ಎಚ್ಚರಿಸುತ್ತಿತ್ತು, ಕಷ್ಟವಾದಾಗ ಒತ್ತಲು ಒಂದು ಗುಂಡಿಯಿತ್ತು. ಅಲ್ಲೂ ಸ್ಥಳ ಗಮನಿಸುವುದಿತ್ತು, ಆದರೆ ಬಳಸುವವರಿಗೆ ಗೊತ್ತಿದ್ದೇ.

ಪ್ರಶ್ನೆ: ಹೀಗೆ ಬರೆದ ಲೆಕ್ಕ ನನ್ನ ಕಚೇರಿಗೋ ವಿಮಾ ಕಂಪನಿಗೋ ಹೋದರೆ?

ಉತ್ತರ: ಭಯ ಸಕಾರಣ. ಆನ್‌ಲೈನಿನಲ್ಲಿ ಮದ್ಯ ವ್ಯಸನಕ್ಕೆ ಚಿಕಿತ್ಸೆ ಕೊಡುತ್ತಿದ್ದ ಒಂದು ಕಂಪನಿ ಬಳಕೆದಾರರ ಆರೋಗ್ಯ ಮಾಹಿತಿಯನ್ನು ಜಾಹೀರಾತಿಗೆ ಹಂಚಿಕೊಂಡಿದೆ ಎಂದು 2024ರಲ್ಲಿ ಅಮೆರಿಕದ ವ್ಯಾಪಾರ ಆಯೋಗವೇ ಕ್ರಮ ಕೈಗೊಂಡಿತು. ಖಾತೆ ತೆರೆಯದೆ ಬಳಸಬಹುದಾದ, ಲೆಕ್ಕವನ್ನು ನಿಮ್ಮ ಮೊಬೈಲ್‌ನಲ್ಲೇ ಇಡುವ ಆ್ಯಪ್ ಆರಿಸಿ. ಸಂಪರ್ಕ ಪಟ್ಟಿ, ಸ್ಥಳ ಕೇಳಿದರೆ ನಿರಾಕರಿಸಿ. ನಿಜ ಹೆಸರು ಕೊಡುವ ಅಗತ್ಯವಿಲ್ಲ.

ಪ್ರಶ್ನೆ: ಚಾಟ್‌ಬಾಟ್ ಜೊತೆ ಮಾತನಾಡಿದರೆ ಸಾಲದೇ?

ಉತ್ತರ: ರಾತ್ರಿ ಹನ್ನೊಂದಕ್ಕೆ ಆಸೆ ಹತ್ತಿದಾಗ ಕಾಲು ಗಂಟೆ ಕಳೆಯಲು ಆಗಬಹುದು. ಔಷಧ, ಅಳತೆ, ನಿಲ್ಲಿಸುವ ಬಗೆ, ಇವುಗಳನ್ನು ಅದರಿಂದ ಕೇಳಬೇಡಿ. ಸಾಯುವ ಯೋಚನೆ ಬಂದರೆ ಯಂತ್ರದ ಎದುರು ಕೂರಬೇಡಿ, ಮನುಷ್ಯರನ್ನು ಎಬ್ಬಿಸಿ.

ಮೊದಲ ಸದಸ್ಯರು: ಡಾಕ್ಟರೇ, ಈಗ ಅಳೆದು ನೋಡಿದೆ. ನನ್ನ ‘60’ ಎಂಬುದು 90 ಇದೆ. ಇಷ್ಟು ವರ್ಷ ಎರಡು ಎಂದುಕೊಂಡದ್ದು ಮೂರಾಗಿತ್ತು. ಆಡಿಟ್ ಅಂಕ 13.

ಉತ್ತರ: ಅಳೆದಿರಲ್ಲ, ಬಹಳ ಸಂತೋಷ. ಇಂದು ಅದನ್ನು 30 ಗ್ರಾಂ ಎಂದೇ ಬರೆಯಿರಿ. ಈ ವಾರ ಏನನ್ನೂ ಕಡಿಮೆ ಮಾಡುವ ಗುರಿ ಬೇಡ, ಏಳು ದಿನದ ನಿಜವಾದ ಲೆಕ್ಕ ಬರಲಿ. ಭಾನುವಾರ ಒಟ್ಟು ಎಷ್ಟಾಯಿತೆಂದು ಇಲ್ಲೇ ಹಾಕಿ, ಅದನ್ನು ನೋಡಿ ಮುಂದಿನ ವಾರಕ್ಕೆ ಎಷ್ಟು ಇಳಿಸಬೇಕೆಂದು ಗೊತ್ತುಮಾಡೋಣ. ಆ ಲೋಟವನ್ನು ಮಾತ್ರ ಇಂದೇ ಬದಲಿಸಿ.