ಗುಲಾಮಗಿರಿ ತೆಗೆದವರು ಯಾರು? ಪಕ್ಕದ ಮನೆ ಅಜ್ಜನ ಸಿಟ್ಟಿನ ಬಗ್ಗೆ ಒಂದು ಪ್ರಶ್ನೆ

ಅಟ್ಲಾಂಟಾ ಮಂಜು: ಶನಿವಾರ ಮಕ್ಕಳನ್ನು ಸ್ಟೋನ್ ಮೌಂಟನ್‌ಗೆ ಕರ್ಕೊಂಡು ಹೋಗಿದ್ದೆ. ಜೊತೆಗೆ ಪಕ್ಕದ ಮನೆಯ ಬಿಳಿ ಅಜ್ಜನೂ ಬಂದಿದ್ದರು. ಬಂಡೆ ಮೇಲೆ ಅಮೆರಿಕಾದ ಅಂತರ್ಯುದ್ಧದಲ್ಲಿ (1861-65) ದೇಶ ಬಿಟ್ಟು ಬೇರೆಯಾಗಿದ್ದ ದಕ್ಷಿಣದ ರಾಜ್ಯಗಳ ನಾಯಕರು ಡೇವಿಸ್, ಲೀ, ಜಾಕ್ಸನ್ ಕುದುರೆ ಏರಿ ಹೋಗೋದನ್ನ ಕೆತ್ತಿದಾರಲ್ಲ, ಅದನ್ನ ನೋಡ್ತಾ ಶುರು ಮಾಡಿದರು. "ಯುದ್ಧ ಆಗಿದ್ದು ಗುಲಾಮಗಿರಿಗಲ್ಲ, ರಾಜ್ಯಗಳ ಹಕ್ಕಿಗೆ. ಲಿಂಕನ್ ತನ್ನ ಹಿಡಿತದಲ್ಲಿದ್ದ ಕಡೆ ಒಬ್ಬನನ್ನೂ ಬಿಡಿಸಲಿಲ್ಲ. ನಮ್ಮ ಊರು ಸುಟ್ಟವರು ಈಗ ನಮಗೇ ಬುದ್ಧಿ ಹೇಳ್ತಾರೆ." ಒಳ್ಳೇ ಮನುಷ್ಯ, ಮಗಳಿಗೆ ಜ್ವರ ಬಂದಾಗ ನಡುರಾತ್ರಿ ಕಾರು ತೆಗೆದವರು. ನಾನು ಬಾಯಿ ಬಿಡಲಿಲ್ಲ. ಅವರು ಹೇಳಿದ್ದರಲ್ಲಿ ನಿಜ ಎಷ್ಟು?

ಹಳೇ ಮೇಷ್ಟ್ರು: ಒಂದು ಪಾಲು ನಿಜ. 1863ರ ಜನವರಿ 1ರ ವಿಮೋಚನಾ ಘೋಷಣೆ ಬಂಡೆದ್ದ ಪ್ರದೇಶಗಳಿಗೆ ಮಾತ್ರ. ಗುಲಾಮಗಿರಿ ಇದ್ದೂ ಒಕ್ಕೂಟದಲ್ಲೇ, ಅಂದರೆ ಲಿಂಕನ್ ಸರ್ಕಾರದ ಕಡೆಯೇ, ಉಳಿದ ಕೆಂಟಕಿ, ಮಿಸೌರಿ, ಮೇರಿಲ್ಯಾಂಡ್, ಡೆಲವೇರ್‌ಗಳನ್ನು ಅದು ಮುಟ್ಟಲೇ ಇಲ್ಲ. ಸೇನಾಧಿಪತಿಯಾಗಿ ಹೊರಡಿಸಿದ ಯುದ್ಧಕಾಲದ ಆಜ್ಞೆ ಅದು. ಶತ್ರುವಿನ ನೆಲದಾಚೆ ಅದಕ್ಕೆ ಕಾನೂನಿನ ಬಲವಿರಲಿಲ್ಲ. ಆದರೆ 'ಒಬ್ಬನನ್ನೂ ಇಲ್ಲ' ಎಂಬುದು ಸುಳ್ಳು. 1862ರ ಏಪ್ರಿಲ್ 16ರಂದೇ ವಾಷಿಂಗ್ಟನ್ ನಗರದ ಗುಲಾಮರ ಬಿಡುಗಡೆಯ ಕಾಯ್ದೆಗೆ ಲಿಂಕನ್ ಸಹಿ ಹಾಕಿದ್ದ. ಅದರಲ್ಲಿ ತಲೆಗೆ 300 ಡಾಲರ್‌ವರೆಗೆ ಪರಿಹಾರ ಇತ್ತು. ಮಾಲೀಕರಿಗೆ!

ಸಹನಾ: 'ರಾಜ್ಯಗಳ ಹಕ್ಕು' ಅಂದ ಕೂಡಲೇ 'ಯಾವ ಹಕ್ಕು?' ಅಂತ ಕೇಳಬೇಕಿತ್ತು ಮಂಜು. ಮಿಸಿಸಿಪ್ಪಿ ಒಕ್ಕೂಟ ಬಿಟ್ಟಾಗ ಕಾರಣಗಳ ಪತ್ರ ಬರೆಯಿತು. ನಮ್ಮ ನಿಲುವು ಗುಲಾಮಗಿರಿಯ ಜೊತೆ ಪೂರ್ತಿ ಬೆಸೆದುಕೊಂಡಿದೆ ಅಂತ ಶುರುವಿನಲ್ಲೇ ಇದೆ. ದಕ್ಷಿಣ ಕೆರೊಲಿನಾದ ದೂರಂತೂ ಉಲ್ಟಾ: ಓಡಿಹೋದ ಗುಲಾಮರನ್ನು ಉತ್ತರದ ರಾಜ್ಯಗಳು ಹಿಡಿದುಕೊಡ್ತಿಲ್ಲ ಅಂತ. ಅಂದ್ರೆ ಉತ್ತರದ ರಾಜ್ಯಗಳು ತಮ್ಮ ಹಕ್ಕು ಚಲಾಯಿಸಿದ್ದೇ ಇವರಿಗೆ ತಪ್ಪಾಗಿ ಕಂಡಿತು.

ಗದಗದಾಂವ: ಖರೆ ಐತ್ರಿ ಸಹನಾ ಅವ್ರ. ಆದ್ರ ಉತ್ತರದ ಮಂದಿ ಏನು ಹಾಲಿನ್ಯಾಗ ತೊಳದವ್ರೇನು? ಗುಲಾಮ್ರು ಬಿಡಿಸಿದ ಹತ್ತಿ ರೊಕ್ಕ ನ್ಯೂಯಾರ್ಕಿನ ಬ್ಯಾಂಕಿನ್ಯಾಗ ಆಡತಿತ್ತು. 1861ರ ಜನವರಿಯಾಗ ಅಲ್ಲಿನ ಮೇಯರ್ ಫರ್ನಾಂಡೊ ವುಡ್, 'ನಮ್ಮ ನಗರಾನೂ ಬ್ಯಾರೆ ಆಗ್ಲಿ' ಅಂದಿದ್ದ, ವ್ಯಾಪಾರ ಕೆಡಬಾರದಂತ. ಇನ್ನ ನಮ್ಮ ಕಡೆ ಕಥಿ ಕೇಳ್ರಿ. ಯುದ್ಧದಾಗ ಅಮೆರಿಕಾದ ಹತ್ತಿ ನಿಂತಾಗ ಇಂಗ್ಲೆಂಡಿನ ಲಂಕಾಶೈರ್ ಗಿರಣಿಯವ್ರು ನಮ್ಮ ಧಾರವಾಡ ಸೀಮಿ ಕಡೆ ನೋಡಿದ್ರು. ನ್ಯೂ ಆರ್ಲಿಯನ್ಸ್ ಬೀಜದ ಹತ್ತಿ ಹುಬ್ಬಳ್ಳಿ-ಗದಗ ಎರಿ ಹೊಲದಾಗ ಮೊದಲ ಬೇರು ಬಿಟ್ಟಿತ್ತು, 'ಧಾರವಾಡ-ಅಮೆರಿಕನ್' ಅಂತ ಹೆಸರಾಗಿತ್ತು. ಕುಮಟಾ ಬಂದರಕ್ಕ ಚಕ್ಕಡಿ ಸಾಲು. 1865ರಾಗ ಯುದ್ಧ ಮುಗೀತು, ದರ ಕುಸೀತು, ಮುಂಬಯಿ ಸಟ್ಟಾ ಮಂದಿ ದಿವಾಳಿ ಎದ್ರು. ಎಲ್ಲಾರ ಕೈಗೂ ಆ ಹತ್ತಿ ಎಳಿ ಅಂಟೇತ್ರಿ.

ಸಹನಾ: ಅಂಟಲಿ ಸರ್. ಊರಿಗೆಲ್ಲ ಕದ್ದ ಮಾಲು ಹಂಚಿದ್ದ ಅಂದ ಮಾತ್ರಕ್ಕೆ ಕದ್ದವನು ಸಾಚಾ ಆಗ್ತಾನಾ?

ಡಲ್ಲಾಸ್ ರವಿ: ಲಿಂಕನ್ ತೆಗೆದನಾ ಇಲ್ವಾ ಅಂತ ನೀವೆಲ್ಲ ಜಗಳ ಆಡ್ತಿದೀರಿ, ಓಡಿದವರ ಮಾತೇ ಇಲ್ಲ. 1861ರ ಮೇ ತಿಂಗಳು. ವರ್ಜೀನಿಯಾದಲ್ಲಿ ಮೂವರು ಗುಲಾಮರು ರಾತ್ರಿ ದೋಣಿ ಹತ್ತಿ ಒಕ್ಕೂಟದ ಕೈಯಲ್ಲಿದ್ದ ಮನ್ರೋ ಕೋಟೆಗೆ ಬಂದರು. ಒಡೆಯನ ಕಡೆಯಿಂದ ಒಬ್ಬ ಅಧಿಕಾರಿ ಬಿಳಿ ಬಾವುಟ ಹಿಡಿದು ಬಂದು, ಓಡಿಹೋದ ಗುಲಾಮರ ಕಾಯ್ದೆ ಪ್ರಕಾರ ವಾಪಸ್ ಕೊಡಿ ಅಂದ. ಜನರಲ್ ಬಟ್ಲರ್ ಮೊದಲು ವಕೀಲ. 'ನೀವು ಬೇರೆ ದೇಶ ಅಂತ ಹೇಳ್ಕೊಂಡಿದೀರಲ್ಲ, ನಮ್ಮ ಕಾಯ್ದೆ ನಿಮಗೆ ಹೇಗೆ ಅನ್ವಯಿಸುತ್ತೆ?' ಅನ್ನೋ ಅರ್ಥದಲ್ಲಿ ಕೇಳಿ ಕಳಿಸಿದ. ಅವರನ್ನ ಇಟ್ಟುಕೊಂಡದ್ದು ಮಾತ್ರ ಯುದ್ಧದಲ್ಲಿ ವಶವಾದ ಮಾಲು ಅಂತ! ಆದರೂ ಸುದ್ದಿ ಹಬ್ಬಿತು, ಸಂಸಾರ ಸಮೇತ ಜನ ಬರತೊಡಗಿದರು. ಬಿಡುಗಡೆಯ ಕಾಯ್ದೆ ಅವರ ಹಿಂದೆ ಓಡಿ ಬಂತು. ಆಮೇಲೆ ಸುಮಾರು 1,80,000 ಕಪ್ಪು ಸೈನಿಕರು ಒಕ್ಕೂಟದ ಸೇನೆ ಸೇರಿದರು. ನಮ್ಮ ಟೆಕ್ಸಾಸ್‌ಗೆ ಬಿಡುಗಡೆಯ ಸುದ್ದಿ ಅಧಿಕೃತವಾಗಿ ತಲುಪಿದ್ದು 1865ರ ಜೂನ್ 19ಕ್ಕೆ, ಗಾಲ್ವೆಸ್ಟನ್‌ನಲ್ಲಿ. ಆ ಆದೇಶದಲ್ಲೂ 'ಇದ್ದಲ್ಲೇ ಸುಮ್ಮನೆ ಇರಿ, ಕೂಲಿಗೆ ದುಡೀರಿ' ಅಂತ ಉಪದೇಶ.

ಕುಡ್ಲದವ: ರವಿ, ಅದು ಕೇಳಿದ ಹಾಗೆ ಉಂಟಲ್ಲ ಮಾರಾಯ್ರೆ. ಬ್ರಿಟಿಷ್ ಆಳ್ವಿಕೆಯ ಇಂಡಿಯಾದಲ್ಲಿ 1843ರ ಕಾಯ್ದೆ ಬಂತು. ಆದ್ರೆ ಅದು ಹೇಳಿದ್ದು ಕೋರ್ಟು ಗುಲಾಮಗಿರಿಯನ್ನು ಒಪ್ಪುವುದಿಲ್ಲ ಅಂತ ಮಾತ್ರ. ಹೋಗಿ ಬಿಡಿಸಿದವರು ಯಾರು? ನಮ್ಮ ಅಜ್ಜಿ ಗದ್ದೆ ಕೆಲಸದವರನ್ನು 'ಮೂಲದವರು', ಅಂದ್ರೆ ತಲೆಮಾರಿನಿಂದ ಒಡೆಯನಿಗೆ ಕಟ್ಟುಬಿದ್ದವರು, ಅಂತಲೇ ಕರೆಯುತ್ತಿದ್ದರು. ಜೀತ ನಿಷೇಧದ ಕಾನೂನು ಬಂದದ್ದು 1976ಕ್ಕೆ. ಮಿಸಿಸಿಪ್ಪಿಯವರೂ 1865ರ ಕೊನೆಗೇ ಹೊಸ ಕಾಯ್ದೆ ತಂದು, ಕೆಲಸದ ಕರಾರು ಕೈಯಲ್ಲಿಲ್ಲದ ಕಪ್ಪು ಜನರನ್ನು ಅಲೆಮಾರಿ ಅಂತ ಹಿಡಿಯತೊಡಗಿದರು. ಕಾಗದ ಬೇರೆ, ಗದ್ದೆ ಬೇರೆ.

ಅಟ್ಲಾಂಟಾ ಮಂಜು: ಎಲ್ಲ ಸರಿ. ಆದ್ರೆ ಅಜ್ಜನ ಸಿಟ್ಟು ಪೂರ್ತಿ ಸುಳ್ಳಾ? 1864ರಲ್ಲಿ ಒಕ್ಕೂಟದ ಜನರಲ್ ಶೆರ್ಮನ್ ಅಟ್ಲಾಂಟಾ ಸುಟ್ಟು ಸಮುದ್ರದವರೆಗೆ ದಾರಿಯುದ್ದಕ್ಕೂ ಹಾಳು ಮಾಡ್ಕೊಂಡು ಹೋಗಿದ್ದು ನಿಜ ತಾನೇ?

ಸಹನಾ: ನಿಜ. ನನ್ನ ತಕರಾರು ಅವರ 'ನಮ್ಮ' ಅನ್ನೋ ಪದದ ಮೇಲೆ. 1860ರ ಜನಗಣತಿಯಲ್ಲಿ ದಕ್ಷಿಣ ಕೆರೊಲಿನಾ, ಮಿಸಿಸಿಪ್ಪಿ ಎರಡರಲ್ಲೂ ಅರ್ಧಕ್ಕಿಂತ ಹೆಚ್ಚು ಜನ ಗುಲಾಮರು. ಅವರು ದಕ್ಷಿಣದವರಲ್ವಾ? ಶೆರ್ಮನ್ ಸೈನ್ಯದ ಹಿಂದೆ ಸಾವಿರಾರು ಜನ ನಡ್ಕೊಂಡು ಹೋದರು, ಅವರಿಗೂ ಅದೇ ಊರು. 1865ರ ಜನವರಿಯಲ್ಲಿ ಕರಾವಳಿಯ ಜಮೀನನ್ನು 40 ಎಕರೆಯಂತೆ ಅವರಿಗೆ ಹಂಚೋ ಆದೇಶ ಆಯ್ತು. ಅದೇ ವರ್ಷ ಲಿಂಕನ್ ನಂತರ ಬಂದ ಅಧ್ಯಕ್ಷ ಜಾನ್ಸನ್ ಅದನ್ನು ಹಳೇ ಒಡೆಯರಿಗೇ ತಿರುಗಿಸಿದ. ಆ ಸಿಟ್ಟನ್ನ ಯಾವ ಬಂಡೆ ಮೇಲೂ ಕೆತ್ತಿಲ್ಲ. ನೀವು ನೋಡಿದ ಕೆತ್ತನೆ ಮುಗಿದದ್ದು 1972ರಲ್ಲಿ. 1915ರಲ್ಲಿ ಕ್ಲಾನ್ ಅನ್ನೋ ಬಿಳಿಯರ ಜನಾಂಗದ್ವೇಷಿ ಸಂಘ ಮತ್ತೆ ಹುಟ್ಟಿದ್ದೂ ಅದೇ ಗುಡ್ಡದ ತುದಿಯಲ್ಲಿ.

ಹಳೇ ಮೇಷ್ಟ್ರು: ಮಂಜು, ಅಜ್ಜನಿಗೆ ಇದನ್ನೂ ಹೇಳಿ. ಗುಲಾಮಗಿರಿಯನ್ನು ದೇಶದುದ್ದಕ್ಕೂ ಮುಗಿಸಿದ್ದು ಅಮೆರಿಕಾ ಸಂವಿಧಾನದ 13ನೇ ತಿದ್ದುಪಡಿ. ಆಗ ಬೇಕಿದ್ದದ್ದು 27 ರಾಜ್ಯಗಳ ಒಪ್ಪಿಗೆ. 1865ರ ಡಿಸೆಂಬರ್ 6ರಂದು 27ನೆಯದಾಗಿ ಒಪ್ಪಿದ್ದು ನಿಮ್ಮ ಅಟ್ಲಾಂಟಾ ಇರುವ ಇದೇ ಜಾರ್ಜಿಯಾ. ಮನಸಾರೆ ಒಪ್ಪಿತು ಎನ್ನಲಾರೆ, ಮರಳಿ ಒಕ್ಕೂಟದೊಳಗೆ ಸೇರಬೇಕಿದ್ದರೆ ಬೇರೆ ದಾರಿ ಇರಲಿಲ್ಲ. ಒಕ್ಕೂಟ ಬಿಡದ ಕೆಂಟಕಿಯೋ ಆಗ ತಿರಸ್ಕರಿಸಿ, 1976ರಲ್ಲಿ ಒಪ್ಪಿತು! ಮಿಸಿಸಿಪ್ಪಿ 1995ಕ್ಕೆ.

ಗದಗದಾಂವ: ಏನ್ ಅವಸರಾ ಅಂತೀನಿ!

ಅಟ್ಲಾಂಟಾ ಮಂಜು: ನಿನ್ನೆ ಸಂಜೆ ಅಜ್ಜನ ಹತ್ರ ಮಾತಾಡಿದೆ. ಜಾರ್ಜಿಯಾದ 27ನೇ ಓಟಿನ ವಿಷಯ ಹೇಳಿದರೆ ಖುಷಿಪಟ್ಟರು, "ನೋಡು, ನಾವೇ ಮುಗಿಸಿದ್ದು" ಅಂದರು. ಮಿಸಿಸಿಪ್ಪಿ ಪತ್ರ ತೋರಿಸಿದೆ. "ಅದು ಮಿಸಿಸಿಪ್ಪಿಯವರ ಬುದ್ಧಿ, ನಮ್ಮದಲ್ಲ." ಜಾರ್ಜಿಯಾದವರೂ ಬರೆದಿದಾರೆ ಅಂತ ಫೋನಲ್ಲಿ ತೆಗೆದುಕೊಟ್ಟೆ. ಎರಡನೇ ವಾಕ್ಯದಲ್ಲೇ ಗುಲಾಮಗಿರಿಯ ತಕರಾರು ಇದೆ. ಕನ್ನಡಕ ಒಳಗಿದೆ, ನಾಳೆ ಓದ್ತೀನಿ ಅಂದರು.